ನಾರಾಯಣನ ಎಡಗಣ್ಣು

“ಏ ರಂಡಿ, ಸರಿ ಆಚೆ! ದೇವರ ದೃಷ್ಟಿಗೆ ನೇರ ಕುಂತೀಯಲ್ಲ, ತಲಿ ಕೆಟ್ಟದೇನು?”

ಮುಂಬಯಿಯ ಘಾಟ್ಕೋಪರಿನ ಬಿಲ್ಡಿಂಗುಗಳ ನಡುವೆ ಉಳಿದಿದ್ದ ಹಳೆಯ ಕಲ್ಲುಗುಡಿಯ ಮೆಟ್ಟಿಲ ಮೇಲೆ ಉಳಿ ಮಸೆಯುತ್ತಿದ್ದ ರಾಚವ್ವ, ಟ್ರಸ್ಟಿ ಅನಿಲಕುಮಾರನ ಬೈಗುಳಕ್ಕೆ ಬದಿಗೆ ಸರಿದಳು. ಹೊಸ್ತಿಲಾಚೆ ನಿಂತವರ ಮೇಲೆ ದೇವರ ದೃಷ್ಟಿ ನೇರ ಬೀಳಲೆಂದೇ ಹಿಂದಿನವರು ಬಾಗಿಲನ್ನು ಅಳೆದು ನಿಲ್ಲಿಸಿದ್ದರು. ಬಂದವರಿಗೆಲ್ಲ ಅನಿಲಕುಮಾರ ಈ ಮಹಿಮೆಯನ್ನು ಬಾಯ್ತುಂಬ ಕೊಂಡಾಡುತ್ತಿದ್ದ. ಅಳೆದವರು ವಡ್ಡರೆಂಬುದು ಮಾತ್ರ ಆ ಬಾಯಿಗೆ ಬರುತ್ತಿರಲಿಲ್ಲ.

ಹಳೆಯ ನಾರಾಯಣ ಬಿರುಕು ಬಿಟ್ಟಿದ್ದ. ಅದೇ ಅಳತೆಗೆ ಹೊಸ ಮೂರ್ತಿ ಕಡೆದವಳು ವಿಜಯಪುರದ ಕಡೆಯ ವಡ್ಡರವಳು, ಈ ರಾಚವ್ವ. ಐದು ತಿಂಗಳಲ್ಲಿ ಕಿರೀಟದಿಂದ ಕಾಲ್ಗೆಜ್ಜೆಯವರೆಗೆ ಎಲ್ಲ ಮುಗಿಸಿ, ಕಣ್ಣೆರಡನ್ನು ಬಿಟ್ಟು, ಮೇಲೆ ಮೇಣ ಮೆತ್ತಿದ್ದಳು. ಮೂರ್ತಿ ಪೀಠದ ಮೇಲೆ ನಿಂತ ನಂತರವೇ ಕಣ್ಣು ಕಡೆಯುವುದು ಅವಳ ಮನೆತನದ ಪದ್ಧತಿ. ಇವತ್ತು ಮೂರ್ತಿ ಪೀಠವೇರಿತ್ತು.

“ಬಾಯಿ ಆರೇತ್ರಿ ಸ್ವಾಮಿ, ಒಂದ್ ಲೋಟಾ ನೀರ...” ಎಂದಳು.

ಪೂಜಾರಿ ಭಟ್ಟರು ಅವಳ ಬೊಗಸೆಗೆ ಮೇಲಿನಿಂದ ಸುರಿದರು. “ಲೋಟ ಮುಟ್ಟಬೇಡ ಮಾರಾಯ್ತಿ. ಗುಡಿ ಶುದ್ಧ ಆಯ್ತು, ಇನ್ನು ಒಳಗೂ ಬರಬೇಡ.”

“ಕಣ್ಣಿನ ಕೆಲ್ಸ ಐತ್ರಿ...”

“ಕಣ್ಣು ನಾನು ತೆರೀತೇನೆ, ಮೇಣ ತೆಗೆದು, ಬಂಗಾರದ ಕಡ್ಡಿಯಲ್ಲಿ. ನೀನು ನಡಿ.”

ರಾಚವ್ವ ಉಳಿ ಎತ್ತಿಕೊಂಡು ಮೆಟ್ಟಿಲಿಳಿದಳು.

ಮರುದಿನ ಮುಹೂರ್ತ. ದಾದರಿನಿಂದ ಟೆಂಪೋ ತುಂಬ ಹೂವು, ಡೋಲು, ಫೋನೆತ್ತಿ ನಿಂತ ಇಡೀ ಹೌಸಿಂಗ್ ಸೊಸೈಟಿ. ರಾಚವ್ವನೂ ನಾದಿನಿ ಸುಂದ್ರವ್ವನೂ ಎದುರಿನ ಕಟ್ಟಡಕ್ಕೆ ಕಟ್ಟಿದ್ದ ಬಿದಿರಿನ ಅಟ್ಟಣಿಗೆಯ ಮೇಲೆ ಕಾಲು ಇಳಿಬಿಟ್ಟು ವಡಾಪಾವ್ ತಿನ್ನುತ್ತಿದ್ದರು. ಭಟ್ಟರು ಮಂತ್ರ ಹೇಳುತ್ತ ಮೇಣ ಕಿತ್ತರು. ಡೋಲು ಗಪ್ಪನೆ ನಿಂತಿತು. ಕಣ್ಣಿರಬೇಕಾದಲ್ಲಿ ಎರಡು ನುಣ್ಣನೆಯ ಉಬ್ಬು.

“ವೈನೀ, ನಿನ್ನ ದೇವರು ಮಕ್ಕೊಂಡಾನ!” ಎಂದಳು ಸುಂದ್ರವ್ವ. ರಾಚವ್ವನಿಗೆ ನಗು ಉಕ್ಕಿ ವಡಾಪಾವ್ ನೆತ್ತಿಗೇರಿತು. ಅಟ್ಟಣಿಗೆಯೂ ಅವರ ಜೊತೆ ಕುಲುಕತೊಡಗಿತು.

ಅನಿಲಕುಮಾರ ಬಿದ್ದಂಬೀಳ ಓಡಿ ಬಂದ. “ಏ, ಇಳಿ ಲಗೂನ! ಮುಹೂರ್ತ ಮೀರತೈತಿ!”

“ನಾ ಒಳಗ ಬರಬಾರದಂತಲ್ರಿ ಸಾಹೇಬ್ರ?”

“ಬಾರವ್ವಾ... ನನ್ನ ತಾಯಿ, ಬಾ!”

ರಾಚವ್ವ ಹೂವು ತುಳಿಯುತ್ತ, ನಡುಬಾಗಿಲಿನಿಂದಲೇ ಹೋದಳು. ಪೀಠ ಹತ್ತಿ ಉಳಿ ಇಟ್ಟಳು. ಟಣ್, ಟಣ್, ಟಣ್. ಎಡಗಣ್ಣು ತೆರೆಯಿತು. ರಾಚವ್ವನ ಮೈ ಜುಮ್ಮೆಂದಿತು, ಅಲ್ಲೇ ಕುಣಿದುಬಿಡಬೇಕು ಎನ್ನುವಷ್ಟು ಖುಷಿ. ಉಳಿಯನ್ನು ಸೊಂಟಕ್ಕೆ ಸಿಗಿಸಿ, ದೇವರ ಪಾದದ ಪಕ್ಕ ಪೀಠದ ಮೇಲೆಯೇ ಕೂತಳು.

“ಇನ್ನೊಂದು?” ಎಂದರು ಭಟ್ಟರು.

“ಬಾಯಿ ಆರೇತ್ರಿ ಸ್ವಾಮಿ. ನೀರ ಕುಡದ ಕಡೀತೀನಿ. ಬೊಗಸ್ಯಾಗ ಒಲ್ಲೆ. ನಿಮ್ಮ ಬೆಳ್ಳಿ ಲೋಟಾದಾಗ ಕೊಡ್ರಿ.”

“ನಿನ್ನ ಸೊಕ್ಕ ಮುರೀಲಿ, ಬೋಸುಡಿ...” ಅನಿಲಕುಮಾರ ಹಲ್ಲು ಕಡಿದ.

“ಸಣ್ಣಗ ಬೈರಿ ಸಾಹೇಬ್ರ, ಒಂದ್ ಕಣ್ಣ ತೆರದೈತಿ. ಈಗ ನೀವ ಅದಕ್ಕ ನೇರ ನಿಂತೀರಿ.”

ಅನಿಲಕುಮಾರ ಗಕ್ಕನೆ ಬದಿಗೆ ಸರಿದ. ಹೊರಗಿನಿಂದ ಸುಂದ್ರವ್ವನ ನಗು ಕೇಳಿಸಿತು.

ಭಟ್ಟರು ಲೋಟ ತುಂಬಿ ಹಿಡಿದು ನಿಂತರು. ರಾಚವ್ವ ಒಂದೇ ಕೈ ಚಾಚಿದಳು.