ಲೀಕ್ ಗಿಡದ ಕೊರಳಿಗೆ ಗಂಟೆ

ಎಲ್ಸಿ ಹೆಸ್ಲಪ್‌ಳ ಕೊರಳಿಗೆ ಅಲಾರಂ ಬಿದ್ದ ದಿನ ಅವಳು ಹಿತ್ತಲ ಓಣಿಯ ನಡುವೆ ನಿಂತು "ಅಂಬಾ" ಎಂದು ಕೂಗಿದಳು. ಪಕ್ಕದ ಮನೆಯವಳಾದ ನಾನು ಬಟ್ಟೆ ಒಣಹಾಕುತ್ತಿದ್ದೆ. ಬಾಯಲ್ಲಿದ್ದ ಕ್ಲಿಪ್ಪನ್ನು ನುಂಗದೆ ಉಳಿದದ್ದು ನನ್ನ ಪುಣ್ಯ.

"ನಗು ಮೇವಿಸ್, ನಗು. ನಿಂಗೂ ಎಂಬತ್ತು ದಾಟತ್ತೆ," ಎಂದಳು. "ನನ್ನ ಮಗಳು ನಂಗೆ ಗಂಟೆ ಕಟ್ಟಿದಾಳೆ ಕಣೆ. ಇನ್ನು ಹಾಲು ಕರೆಯೋಕೆ ಬಕೀಟು ತರ್ತಾಳೆ."

ಗಂಟೆಯೇನಲ್ಲ. ದಾರಕ್ಕೆ ಪೋಣಿಸಿದ ಬಿಲ್ಲೆ, ನಡುವೆ ಒಂದು ಕೆಂಪು ಗುಂಡಿ. ಒತ್ತಿದರೆ ಅಡುಗೆಮನೆಯಲ್ಲಿಟ್ಟ ಪೆಟ್ಟಿಗೆಯೊಳಗಿಂದ ಸಹಾಯ ಕೇಂದ್ರದ ಒಬ್ಬ ಹುಡುಗಿ "ಮಿಸೆಸ್ ಹೆಸ್ಲಪ್, ಹುಷಾರಾಗಿದ್ದೀರಾ?" ಎಂದು ಕೇಳುತ್ತಾಳೆ. ಒತ್ತಲು ಆಗದಿದ್ದರೂ ಚಿಂತೆಯಿಲ್ಲ, ಬಿಲ್ಲೆ ದೊಪ್ಪನೆ ಬಿದ್ದರೂ ವಾಲಿದರೂ ತಾನಾಗಿಯೇ ಕೂಗಿಕೊಳ್ಳುತ್ತದೆ. ಉತ್ತರ ಬರದಿದ್ದರೆ ವ್ಯಾನಿನಲ್ಲಿ ಜನ ಬಂದು ಎತ್ತಿ ಕೂರಿಸುತ್ತಾರೆ. ನಮ್ಮೂರಿನ ಒಂಟಿ ಮುದುಕಿಯರಲ್ಲಿ ಅರ್ಧಕ್ಕರ್ಧ ಜನರ ಕೊರಳಲ್ಲಿ ಇದು ನೇತಾಡುತ್ತದೆ. ಮುದುಕರ ಕೊರಳಲ್ಲಿ ಕಾಣುವುದಿಲ್ಲ. ಕಲ್ಲಿದ್ದಲ ಗಣಿ ಮುಚ್ಚಿ, ಅದರ ಮೇಲೆ ಹುಲ್ಲು ಬೆಳೆದು, ಕುರಿ ಮೇಯುತ್ತಿವೆ. ಈ ಮುದುಕರು ಮಾತ್ರ ಇನ್ನೂ ನಾಳೆ ಬೆಳಿಗ್ಗೆ ಗಣಿಗೆ ಇಳಿಯುವವರ ಹಾಗೆ ಎದೆ ಸೆಟೆಸಿಕೊಂಡು ತಿರುಗುತ್ತಾರೆ.

ಅಲಾರಂ ಕಟ್ಟಿದ ಮಗಳು ಡೆನೀಸ್ ಡಾರ್ಲಿಂಗ್ಟನ್ನಿನಲ್ಲಿದ್ದಾಳೆ. ಕೆಟ್ಟವಳಲ್ಲ. ಹಿಂದಿನ ಚಳಿಗಾಲದಲ್ಲಿ ತಾಯಿ ಅಡುಗೆಮನೆಯ ನೆಲದ ಮೇಲೆ ಬಿದ್ದದ್ದನ್ನು ಮೊದಲು ಕಂಡವಳು ಅವಳೇ. ಅಂದಿನಿಂದ ಫೋನು ಸದ್ದಾದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತದೆ. ನನ್ನೆದುರೇ ಕರಾರು ಹಾಕಿದಳು.

"ಅಮ್ಮ, ಇದು ಕೊರಳಲ್ಲಿರೋ ತನಕ ನೀನು ಈ ಮನೇಲಿರು. ಇದಿಲ್ದೆ ಬಿದ್ದಿದ್ದು ಒಂದೇ ಒಂದ್ಸಲ ನಂಗೆ ಗೊತ್ತಾಗ್ಲಿ, ಮಾರನೇ ದಿನವೇ ನಮ್ಮನೆ ಹತ್ರದ ಫ್ಲ್ಯಾಟು. ಮಾತಿಲ್ಲ, ಕತೆಯಿಲ್ಲ."

ಆ ಫ್ಲ್ಯಾಟಿನಲ್ಲಿ ಲಿಫ್ಟಿದೆ, ಬೆಚ್ಚಗಿದೆ, ಕೆಳಗಡೆ ಬಿಂಗೊ ಆಡಿಸುತ್ತಾರೆ. ಮಣ್ಣು ಮಾತ್ರ ಒಂದು ಹಿಡಿಯೂ ಇಲ್ಲ. ಎಲ್ಸಿಗೆ ಬೇಕಾದದ್ದು ಅದೊಂದೇ.

ಏಕೆಂದರೆ ಲೀಕ್. ಈರುಳ್ಳಿಯ ದಾಯಾದಿ, ಬೆಳ್ಳುಳ್ಳಿಯ ಸೋದರಮಾವ. ಬೇರೆ ಊರವರಿಗೆ ಅದು ಸಾರಿಗೆ ಹಾಕುವ ತರಕಾರಿ. ನಮ್ಮ ಗಣಿಯೂರುಗಳಲ್ಲಿ ಅದು ಮಾನ. ಇಲ್ಲಿನ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಲೀಕಿಗೆ ಬಿಯರ್ ಕುಡಿಸುವುದನ್ನು ಮರೆಯರು. ಸೆಪ್ಟೆಂಬರಿನ ಪ್ರದರ್ಶನದಲ್ಲಿ ಊರ ಕ್ಲಬ್ಬಿನ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ಜೋಡಿ ಜೋಡಿ ಲೀಕ್ ಮಲಗಿಸಿ, ಟೇಪು ಹಿಡಿದು ಅಳೆಯುತ್ತಾರೆ, ಅತಿ ದಪ್ಪನೆಯ ಜೋಡಿಗೆ ಬಹುಮಾನದ ಕಪ್ಪು ಕೊಡುತ್ತಾರೆ. ಎಲ್ಸಿಯ ಗಂಡ ಮ್ಯಾಟಿ ಬದುಕಿದ್ದಷ್ಟು ಕಾಲವೂ ಎರಡನೆಯವನು. ಮೊದಲನೆಯವನು ಓಣಿಯಾಚೆಯ ಸಿರಿಲ್ ಡಾಡ್ಸ್. ಮ್ಯಾಟಿ ತೀರಿಕೊಂಡ ಮೇಲೆ ಎಲ್ಸಿ ಅವನ ಗುದ್ದಲಿಯನ್ನೂ ಅವನ ಹಟವನ್ನೂ ಒಟ್ಟಿಗೇ ಕೈಗೆತ್ತಿಕೊಂಡಳು. ಸಿರಿಲ್ ಎದುರು ಬಂದರೆ ಅವಳು ಆಕಾಶ ನೋಡುತ್ತಿದ್ದಳು, ಅವನು ಬೂಟು ನೋಡಿಕೊಳ್ಳುತ್ತಿದ್ದ.

ಪ್ರದರ್ಶನದ ವಾರ ಬಂತೆಂದರೆ ಊರಿಗೆ ಊರೇ ಕಳ್ಳರ ಸಂತೆ. ಹಿಂದೆ ಹೊಟ್ಟೆಕಿಚ್ಚಿನವರು ಬೇಲಿ ಹಾರಿ ಒಬ್ಬರ ಲೀಕನ್ನು ಇನ್ನೊಬ್ಬರು ಸೀಳಿಹಾಕಿದ್ದುಂಟು. ಅದಕ್ಕೆಂದೇ ಕ್ಲಬ್ಬಿನಲ್ಲಿ ಹಳೆಯ ನಿಯಮವೊಂದಿದೆ: ಆ ವಾರದಲ್ಲಿ ಬೆಳೆಗಾರನೊಬ್ಬ ಇನ್ನೊಬ್ಬನ ತೋಟಕ್ಕೆ ಕಾಲಿಟ್ಟರೆ ಅವನ ಲೀಕ್ ಬೆಂಚು ಹತ್ತುವಂತಿಲ್ಲ. ಯಾಕೆ ಕಾಲಿಟ್ಟೆ ಎಂದು ನಿಯಮ ಕೇಳುವುದಿಲ್ಲ.

ಆ ವಾರ ಎಲ್ಸಿ ನನ್ನನ್ನು ಕರೆದು ತನ್ನ ಬುದ್ಧಿವಂತಿಕೆ ತೋರಿಸಿದಳು. ಪಾತಿಯಲ್ಲಿ ಎರಡು ಲೀಕ್, ಒಂದೊಂದೂ ನನ್ನ ತೋಳಿನಷ್ಟು ದಪ್ಪ. ದೊಡ್ಡದರ ಕೊರಳಿನಲ್ಲಿ, ಬಿಳಿ ದಂಟಿನಿಂದ ಎಲೆ ಒಡೆಯುವ ಜಾಗದಲ್ಲಿ, ಕೆಂಪು ಗುಂಡಿಯ ಬಿಲ್ಲೆ ನೇತಾಡುತ್ತಿತ್ತು.

"ಯಾವನಾದ್ರೂ ಮುಟ್ಲಿ. ಗಿಡ ವಾಲತ್ತೆ, ಗಂಟೆ 'ಬಿದ್ನಪ್ಪೋ' ಅನ್ಕೊಳತ್ತೆ. ಕಿಟಕಿ ತೆಗೆದಿಟ್ಟಿದೀನಿ, ಪೆಟ್ಟಿಗೆಯ ಸದ್ದು ಪೂರ್ತಿ ಏರಿಸಿದೀನಿ. ಆ ಹುಡುಗಿ ಒಳಗಿಂದ 'ಮಿಸೆಸ್ ಹೆಸ್ಲಪ್' ಅಂತ ಗುಡುಗಿದ್ರೆ ಕಳ್ಳನ ಚಡ್ಡಿ ಒದ್ದೆ ಆಗ್ಬೇಕು."

"ಅದ್ಸರಿ, ನಿನ್ನ ಕೊರಳಿಗೇನೇ ಗತಿ?"

"ನನ್ನ ಕೊರಳಿಗೆ ಯಾವ ಪ್ರದರ್ಶನದಲ್ಲೂ ಬಹುಮಾನ ಬರಲ್ಲ ಬಿಡೆ."

ಶುಕ್ರವಾರ ಮಧ್ಯಾಹ್ನ, ಮಾರನೆಯ ದಿನ ಪ್ರದರ್ಶನ ಎನ್ನುವಾಗ, ಎಲ್ಸಿ ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎಲೆ ಒರೆಸಲು ಹೋದಳು. ಒದ್ದೆ ಹಲಗೆಯ ಮೇಲೆ ಕಾಲು ಜಾರಿತು. ಪಾತಿಗೂ ಮಳೆನೀರಿನ ಪೀಪಾಯಿಗೂ ನಡುವೆ ಅಡ್ಡಡ್ಡ ಬಿದ್ದಳು. ಸೊಂಟ ಹಿಡಿದುಕೊಂಡಿತು. ಏಳಲು ನೋಡಿದಳು, ಆಗಲಿಲ್ಲ.

ತಲೆಯೆತ್ತಿ ನೋಡಿದರೆ, ಅವಳನ್ನು ಕಾಯಬೇಕಾದ ಅಲಾರಂ ಮೇಲೆ ಹಾಯಾಗಿ ಲೀಕನ್ನು ಕಾಯುತ್ತಿತ್ತು. ಕೈ ಚಾಚಿದರೆ ಸಿಗುತ್ತಿದ್ದುದು ಒಂದು ಎಲೆಯ ತುದಿ ಮಾತ್ರ. ಅದನ್ನು ಜಗ್ಗಿದರೆ ಗಿಡ ವಾಲುತ್ತದೆ, ಅಲಾರಂ ಕೂಗುತ್ತದೆ, ಜನ ಬರುತ್ತಾರೆ. ಆದರೆ ಎಲೆ ಸೀಳಿ ಕೊರಳ ತನಕ ಹರಿಯುತ್ತದೆ, ಹರಿದ ಕೊರಳಿನ ಲೀಕನ್ನು ಬೆಂಚಿನ ಹತ್ತಿರವೂ ಬಿಡುವುದಿಲ್ಲ. ಕೂಗಿದರೆ? ಬಂದವರು ಬರಿಗೊರಳು ನೋಡುತ್ತಾರೆ, ಸಂಜೆಯೊಳಗೆ ಸುದ್ದಿ ಡಾರ್ಲಿಂಗ್ಟನ್ ಮುಟ್ಟುತ್ತದೆ. ಎಲ್ಸಿ ಎಲೆಯ ತುದಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಇದನ್ನೆಲ್ಲ ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಬಿದ್ದಿದ್ದೆನೇನೋ ಅನ್ನಿಸುತ್ತದೆ.

ಆಗ ಬೇಲಿಯ ಮೇಲೆ ಒಂದು ಟೋಪಿ ಮೂಡಿತು, ಟೋಪಿಯ ಕೆಳಗೆ ಸಿರಿಲ್.

"ಏನ್ಮಾಡ್ತಿದೀಯ ಎಲ್ಸಿ ಅಲ್ಲಿ ಕೆಳಗೆ?"

"ಎರೆಹುಳ ಎಣಿಸ್ತಿದೀನಿ. ನೀನ್ಯಾಕೆ ನನ್ನ ಬೇಲಿ ಮೇಲೆ ತಲೆ ಇಟ್ಟಿದೀಯ?"

"ನಾಯಿ ಈ ಕಡೆ ಬಂತೇನೋ ಅಂತ."

"ನಿನ್ನ ನಾಯಿ ಹೋದ ವರ್ಷವೇ ಸತ್ತೋಯ್ತು ಕಣೋ!"

ಸಿರಿಲ್ ಬೇಲಿಯ ಮೇಲಿಂದ ಇನ್ನಷ್ಟು ಬಗ್ಗಿದ. "ಬಿದ್ಯಾ?"

"ಇಲ್ಲ. ಕೂತಿದೀನಿ. ಅಡ್ಡಡ್ಡ ಕೂತಿದೀನಿ."

"ನಿನ್ ಗಂಟೆ ಎಲ್ಲಿ?"

ಎಲ್ಸಿ ಗಲ್ಲದಿಂದ ತೋರಿಸಿದಳು. ಸಿರಿಲ್ ನೋಡಿದ. ಟೋಪಿ ತೆಗೆದು ಎದೆಗಿಟ್ಟುಕೊಂಡ. ಆ ಗೌರವ ಗಂಟೆಗಲ್ಲ, ಲೀಕಿನ ದಪ್ಪಕ್ಕೆ, ಎಂದು ಎಲ್ಸಿ ಇವತ್ತಿಗೂ ಆಣೆಯಿಟ್ಟು ಹೇಳುತ್ತಾಳೆ.

"ಬಂದು ಒತ್ತಲಾ?"

"ಮುಟ್ಟಿದ್ರೆ ಕೈ ಕತ್ತರಿಸ್ತೀನಿ! ನಾಳೆ ಪ್ರದರ್ಶನ, ಇವತ್ತು ನನ್ ಲೀಕಿನ್ ಮೇಲೆ ನಿನ್ ಕೈಯಾ? ಅಲ್ದೆ ಅದನ್ನ ಒತ್ತಿದ್ರೆ ಅವರು ಬರ್ತಾರೆ, ನನ್ನ ಕೊರಳು ನೋಡ್ತಾರೆ, ಡೆನೀಸ್‌ಗೆ ಹೇಳ್ತಾರೆ." ಇಲ್ಲಿ ಅವಳ ದನಿ ಒಡೆಯಿತು. "ನನ್ ಮನೆ ಹೋಗತ್ತೆ ಸಿರಿಲ್."

ಸಿರಿಲ್ ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. ಆಮೇಲೆ ಗೇಟು ತೆಗೆದು ಒಳಗೆ ಕಾಲಿಟ್ಟ.

"ಲೋ, ನಿಯಮ!"

"ನಿಯಮ ಬರೆದಾಗ ಕ್ಲಬ್ಬಲ್ಲಿ ನಾನೂ ಇದ್ದೆ, ಗೊತ್ತು."

ಅವಳ ಪಕ್ಕ ಬಂದು ನಿಂತು, ಶರಟಿನ ಮೇಲಿನ ಗುಂಡಿ ಬಿಚ್ಚಿ, ಬನಿಯನ್ನಿನೊಳಗೆ ಕೈಹಾಕಿ ದಾರವೊಂದನ್ನು ಎಳೆದ. ದಾರದ ತುದಿಯಲ್ಲಿ ಬಿಲ್ಲೆ, ಬಿಲ್ಲೆಯ ನಡುವೆ ಕೆಂಪು ಗುಂಡಿ.

"ಅಯ್ಯಯ್ಯೋ ಸಿರಿಲ್, ನಿಂಗೂ ಗಂಟೆನಾ!"

"ಯಾರಿಗಾದ್ರೂ ಬಾಯ್ಬಿಟ್ರೆ ನೋಡು," ಎಂದವನ ಕಿವಿ ಕೆಂಪಗಾಗಿತ್ತು. ಗುಂಡಿ ಒತ್ತಿದ. "ಬಿದ್ದಿದ್ದು ನಾನು. ನೀನು ಎತ್ತೋಕೆ ಬಂದು ಸೊಂಟ ಹಿಡಿಸ್ಕೊಂಡೆ. ತಿಳೀತಾ?" ಎಂದವನೇ, ಸುಳ್ಳಿಗೆ ಆಧಾರವಿರಲೆಂದು, ಮಂಡಿ ಲಟಲಟ ಎನ್ನಿಸುತ್ತ ತಾನೂ ಮಣ್ಣಿಗಿಳಿದು ಮಲಗಿದ.

ಇನ್ನು ನನ್ನ ಪಾಲಿನ ಕತೆ. ನಾನು ಆಗಷ್ಟೇ ಅಂಗಳಕ್ಕೆ ಬಂದಿದ್ದೆ. ಸಿರಿಲ್‌ನ ಅಡುಗೆಮನೆಯಿಂದ ಹೆಣ್ಣಿನ ದನಿ ಕೇಳಿಸಿತು. ಅದೂ ಎಂಥ ಮಧುರ ದನಿ! "ಸಿರಿಲ್? ಸಿರಿಲ್? ನನ್ನ ಮಾತು ಕೇಳಿಸ್ತಿದೆಯಾ?" ಹೆಂಡತಿ ಹೋದ ಮೇಲೆ ಆ ಮನೆಯೊಳಗೆ ಒಂದು ಹೆಣ್ಣು ಬೆಕ್ಕು ಹೋದದ್ದನ್ನೂ ನಾನು ಕಂಡವಳಲ್ಲ. ಸಹಾಯಕ್ಕೆಂದು ಓಡಿದೆ ಎಂದರೆ ದೇವರು ಮೆಚ್ಚನು. ನೋಡಲೇಬೇಕೆಂದು ಓಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಹೆಂಗಸಿಲ್ಲ, ಟೀ ಡಬ್ಬಿಯ ಪಕ್ಕ ಒಂದು ಪೆಟ್ಟಿಗೆ.

"ಯಾರು ಬಂದಿದ್ದು?" ಎಂದು ಪೆಟ್ಟಿಗೆ ಕೇಳಿತು.

"ನೀನ್ಯಾರೇ?" ಎಂದೆ ನಾನು.

ಪರಿಚಯ ಮುಗಿಯುವಷ್ಟರಲ್ಲಿ ಎದುರಿಗಿದ್ದ ಎಲ್ಸಿಯ ತೋಟದಿಂದ ಜಗಳ ಕೇಳಿಸಿತು. ನೆಲದಿಂದ ಬರುತ್ತಿದ್ದ ಜಗಳ. ಕಿಟಕಿಯಿಂದ ಇಣುಕಿ ನೋಡಿ, ಎದುರಿನ ತೋಟಕ್ಕೇ ವ್ಯಾನು ಕಳಿಸೆಂದು ಪೆಟ್ಟಿಗೆಗೆ ಹೇಳಿ ಅಲ್ಲಿಗೆ ಓಡಿದೆ.

"ಮೇವಿಸ್, ಗಂಟೆ ಬಿಚ್ಚಿ ನನ್ನ ಕೊರಳಿಗೆ ಹಾಕೆ, ಬೇಗ! ನಿಧಾನ! ಹಸುಗೂಸು ಹಿಡಿದ ಹಾಗೆ ಹಿಡಿ! ಎಲೆ! ಎಲೆ!" ಎಂದು ಎಲ್ಸಿ ಬೊಬ್ಬೆ ಹಾಕಿದಳು. ತನ್ನ ಸೊಂಟದ ಬಗ್ಗೆ ಒಂದು ಮಾತಿಲ್ಲ. ಲೀಕಿಗೆ ಏನೂ ಆಗದಂತೆ ದಾರ ಬಿಚ್ಚಿದೆ. ಅವಳ ತಲೆ ದಾಟಿಸುವಾಗ ಬಿಲ್ಲೆ ಕೈಜಾರಿ ಹಲಗೆಗೆ ಬಿತ್ತು.

"ಮಿಸೆಸ್ ಹೆಸ್ಲಪ್! ನೀವು ಬಿದ್ದಿದ್ದೀರಾ?" ಎಂದು ಎಲ್ಸಿಯ ಅಡುಗೆಮನೆ ಗುಡುಗಿತು.

"ಇಲ್ಲಾ!" ಎಂದು ಮೂವರೂ ಒಟ್ಟಿಗೆ ಕಿರುಚಿದೆವು.

"ಹಾಗಾದರೆ ಅಲ್ಲಿ ಅಳುತ್ತಿರುವವರು ಯಾರು?"

ಯಾರೂ ಅಳುತ್ತಿರಲಿಲ್ಲ. ಅದು ಸಿರಿಲ್ ನಗುವ ರೀತಿ. ಅವನು ನಕ್ಕದ್ದನ್ನು ನಾವಿಬ್ಬರೂ ಅದುವರೆಗೆ ಕೇಳಿರಲಿಲ್ಲ. ಅದನ್ನು ಕೇಳಿ ಎಲ್ಸಿಗೆ ನಗು ಬಂತು, ನಕ್ಕರೆ ಸೊಂಟ ನೋವು, ನೋವಿಗೆ ಬೈಗುಳ, ಬೈಗುಳಕ್ಕೆ ಮತ್ತೆ ನಗು. ನಾನೂ ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕುಸಿದೆ. ವ್ಯಾನಿನವರು ಬಂದಾಗ ಯಾರನ್ನು ಮೊದಲು ಎತ್ತುವುದೆಂದು ಅವರಿಗೇ ತಿಳಿಯಲಿಲ್ಲ. ಪಾಪ, ಗಾಳಿದಿಂಬೊಂದನ್ನು ಅಡಿಗಿಟ್ಟು ಗಾಳಿ ತುಂಬಿದರು. ಬೆಚ್ಚಗಿಟ್ಟ ಹಿಟ್ಟು ಉಬ್ಬುವಂತೆ ಎಲ್ಸಿ ಮೆಲ್ಲಗೆ ಮೇಲೆದ್ದಳು, ಅವಳ ಹಿಂದೆ ಸಿರಿಲ್. ಮೂಳೆ ಮುರಿದಿರಲಿಲ್ಲ. ಸಿರಿಲ್ ಬಿದ್ದ, ಎಲ್ಸಿಯ ಕೊರಳಲ್ಲಿ ಅಲಾರಂ ಇತ್ತು, ಎಂದು ಅವರು ಬರೆದುಕೊಂಡು ಹೋದರು. ಅಷ್ಟರಲ್ಲಿ ಓಣಿಯ ಉದ್ದಕ್ಕೂ ಜನ. ಕ್ಲಬ್ಬಿನ ಕಾರ್ಯದರ್ಶಿ ಕೈಕಟ್ಟಿಕೊಂಡು ಸಿರಿಲ್‌ನ ಬೂಟಿಗೆ ಮೆತ್ತಿದ್ದ ಎಲ್ಸಿಯ ಮಣ್ಣನ್ನು ನೋಡುತ್ತಿದ್ದ.

ಶನಿವಾರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೆನೀಸ್ ಬಂದಿದ್ದಳು, ತಾಯಿಯ ಕೊರಳು ನೋಡಿ ಸಮಾಧಾನಪಟ್ಟು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. ಸಿರಿಲ್ ಡಾಡ್ಸ್ ಪ್ರದರ್ಶನದ ವಾರದಲ್ಲಿ ಎಲ್ಸಿ ಹೆಸ್ಲಪ್‌ಳ ತೋಟದಲ್ಲಿ ಬಿದ್ದುಕೊಂಡಿದ್ದ, ಊರೇ ನೋಡಿದೆ, ನಿಯಮ ನಿಯಮವೇ, ಅವನ ಜೋಡಿಯನ್ನು ಇಳಿಸುತ್ತೇವೆ ಎಂದ. ಸಿರಿಲ್ ಟೋಪಿ ಹಿಸುಕುತ್ತ ನಿಂತಿದ್ದ.

ಅವನದು ಇಳಿದರೆ ಮೊದಲ ಸ್ಥಾನ ಎಲ್ಸಿಯದು. ಮ್ಯಾಟಿ ಜೀವಮಾನವಿಡೀ ಕನಸು ಕಂಡ ಕಪ್ಪು.

"ಬಾಯ್ಮುಚ್ಕೊಂಡಿರೆ," ಎಂದು ಅವಳ ಕಿವಿಯಲ್ಲಿ ಹೇಳಿದೆ. "ಮನೆಯೂ ಉಳೀತು, ಕಪ್ಪೂ ಬಂತು." ನಾನಾಗಿದ್ದರೆ ಹಲ್ಲುಕಚ್ಚಿ ಕೂತಿರುತ್ತಿದ್ದೆ, ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

ಎಲ್ಸಿ ಕೋಲೂರಿ ಎದ್ದಳು.

"ಬಿದ್ದಿದ್ದು ಅವನಲ್ಲ, ನಾನು. ನನ್ನ ಗಂಟೆ ಲೀಕಿನ ಕೊರಳಲ್ಲಿತ್ತು. ಎಲೆ ಕೈಗೆ ಸಿಗ್ತಿತ್ತು, ಎಳೀಲಿಲ್ಲ. ಇವನು ನನ್ ಮನೆ ಉಳಿಸೋಕೆ ಗೇಟು ದಾಟಿದ, ತನ್ ಗಂಟೆ ಒತ್ತಿದ. ಹೌದು, ಅವನಿಗೂ ಗಂಟೆ ಇದೆ, ನಗ್ಬೇಡಿ! ಮ್ಯಾಟಿ ಕಪ್ಪು ಹಿಂಗೆ ಬರೋದಾದ್ರೆ ನಂಗೆ ಬೇಡ. ಅಳೀರಿ. ಅಳೆದು ಸೋಲಿಸ್ಬೇಕು ಇವನನ್ನ."

ಆಮೇಲೆ ಯಾರೋ "ಲೀಕಿನ ಕೊರಳಲ್ಲಾ?" ಎಂದರು, ಛಾವಣಿ ಹಾರಿಹೋಗುವಂತೆ ಕ್ಲಬ್ಬು ನಕ್ಕಿತು. ಸಿರಿಲ್‌ನ ಜೋಡಿ ಬೆಂಚು ಹತ್ತಲೇಬೇಕೆಂದು ಜನ ಮೇಜು ಗುದ್ದಿದರು. ಕಾರ್ಯದರ್ಶಿಗೂ ಪ್ರಾಣದ ಮೇಲೆ ಆಸೆಯಿತ್ತು. ಅಳೆದರು. ಸಿರಿಲ್ ಮೊದಲು, ಕೂದಲೆಳೆಯಲ್ಲಿ ಎಲ್ಸಿ ಎರಡನೆಯವಳು. ಅವಳ ಬಾಯಿಂದ ಬಂದ ಮಾತಿಗೆ ಪಾದ್ರಿ ಕಿಟಕಿಯ ಕಡೆ ತಿರುಗಿಕೊಂಡರು.

ಅಷ್ಟು ಹೊತ್ತಿಗೆ ಡೆನೀಸ್ ಜನರನ್ನು ಸರಿಸಿಕೊಂಡು ಬಂದಳು. ಮುಖ ಬೆಳ್ಳಗಾಗಿತ್ತು. ಎಲ್ಸಿ ತಲೆ ತಗ್ಗಿಸಿದಳು.

"ಗೊತ್ತು ಕಣೆ. ಫ್ಲ್ಯಾಟು. ಗುದ್ದಲಿ ಒಂದನ್ನ ತರ್ತೀನಿ, ಮೂಲೇಲಿ ಇಟ್ಕೊಳ್ತೀನಿ."

"ಎಲೆ ಕೈಗೆ ಸಿಗ್ತಿತ್ತು ಅಂದ್ಯಲ್ಲ," ಎಂದಳು ಡೆನೀಸ್. "ಎಳೆದಿದ್ರೆ ಜನ ಬರ್ತಿದ್ರು. ಸೊಂಟ ಮುರ್ಕೊಂಡು ಬಿದ್ದಿರಬಹುದಿತ್ತು ನೀನು. ಯಾಕಮ್ಮ ಎಳೀಲಿಲ್ಲ?"

"ಹರಿದುಹೋಗೋದು."

"ಎಲ್ಲೀ ತನಕ?"

"ಕೊರಳ ತನಕ."

ಡೆನೀಸ್ ಬೆಂಚಿನ ಕಡೆ ತಿರುಗಿದಳು. ಚಿಕ್ಕವಳಿದ್ದಾಗ ಮ್ಯಾಟಿಯ ಜೊತೆ ಪಾತಿಯ ಪಕ್ಕ ಕೂತು ಎಲೆ ಒರೆಸಿದವಳು ಅವಳು. ದೊಡ್ಡ ಲೀಕನ್ನು ನೋಡಿದಳು, ಕೆಳಗಿನ ಎಲೆಯನ್ನು ಬೆರಳ ತುದಿಯಿಂದ ಎತ್ತಿ ಅದರ ಬುಡ ನೋಡಿದಳು.

"ಕೊರಳ ತನಕ ಹರಿದಿದ್ರೆ ಬೆಂಚಿಗೇ ಹತ್ತಿಸ್ತಿರ್ಲಿಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

"ಹೂಂ."

"ಹಂಗಾದ್ರೆ ನೀನು ಇನ್ನೇನ್ ತಾನೆ ಮಾಡೋಕಾಗ್ತಿತ್ತು!" ಎಂದವಳೇ ತಾಯಿಯನ್ನು ಬಾಚಿ ತಬ್ಬಿಕೊಂಡು ಅತ್ತಳು, ನಕ್ಕಳು, ಮೂಗನ್ನು ತೋಳಿಗೆ ಒರೆಸಿಕೊಂಡಳು. ನಡುವೆ ಸಿಕ್ಕ ಗುಂಡಿ ಒತ್ತಿಹೋಗಿ, ಓಣಿಯ ಆ ಖಾಲಿ ಅಡುಗೆಮನೆಯಲ್ಲಿ ಏನಾದರೂ ಗುಡುಗಿತೋ ಇಲ್ಲವೋ, ನಮಗೆ ಕೇಳಿಸಲಿಲ್ಲ. "ಮುಂದಿನ ವರ್ಷ ಲೀಕಿಗೆ ಬೇರೆ ಗಂಟೆ ತರ್ತೀನಿ. ಇದು ನಿನ್ ಕೊರಳು ಬಿಟ್ಟು ಅಲ್ಲಾಡಬಾರ್ದು. ಮನೇಲೇ ಇರು, ಮಹಾತಾಯಿ."

ಆಮೇಲೆ ಕಪ್ಪು ತಬ್ಬಿಕೊಂಡು ನಿಂತಿದ್ದ ಸಿರಿಲ್ ಕಡೆ ತಿರುಗಿದಳು.

"ಸಿರಿಲ್ ಮಾಮ, ನೀವು ದಿನಾ ಅಮ್ಮನ ಬೇಲಿ ಹತ್ರ ಬರ್ತೀರಾ?"

ಸಿರಿಲ್‌ನ ಕಿವಿ ಮತ್ತೆ ಕೆಂಪಗಾಯಿತು. "ನಾಯಿ ಹುಡುಕ್ಕೊಂಡು ಬರ್ತೀನಮ್ಮ."

"ನಿಮ್ ನಾಯಿ ಸತ್ತೋಗಿದೆಯಲ್ಲ?"

"ಅದಕ್ಕೇ ಇನ್ನೂ ಸಿಕ್ಕಿಲ್ಲ."

"ಹಂಗಾದ್ರೆ ದಿನಾ ಬಂದು ಹುಡುಕಿ," ಎಂದಳು ಡೆನೀಸ್.