ಪಾಚಿಗೂ ಚಿಟ್ಟಿಲಿಗೂ

ಎಂಟು ಮನೆ ಬಾಡಿಗೆಗೆ ಕೊಟ್ಟ ಕಾಡುಗೋಡಿ ಗಂಗಮ್ಮನಿಗೆ ಹಿತ್ತಲ ನಲ್ಲಿಗೊಂದು ವಾಷರ್ ಹಾಕಿಸುವ ಯೋಗ್ಯತೆ ಇಲ್ಲ ಅಂತ ವಠಾರವೆಲ್ಲ ಆಡಿಕೊಳ್ಳುತ್ತಿತ್ತು. ಬೋರ್‌ವೆಲ್ ಬತ್ತಿದ ಬೇಸಿಗೆ. ಟ್ಯಾಂಕರ್ ನೀರು ತುಂಬಿದ್ದೇ ತಡ, ಆ ನಲ್ಲಿ ತೊಟ್ಟಿಕ್ಕಲು ಶುರು. ಆಡಿಕೊಳ್ಳದೆ ಇನ್ನೇನು ಮಾಡಿಯಾರು?

ಮುದುಕಿ ಜಿಪುಣಿಯೇನಲ್ಲ. ನಲ್ಲಿಯ ಕೆಳಗಿದ್ದದ್ದು ಅವರ ಹೊಲದ ಬಾವಿಕಟ್ಟೆಯ ಕಲ್ಲು. ಹೊಲ ಕಂಪನಿಯ ಪಾಲಾದರೂ ಕಲ್ಲಿನ ಮೇಲಿನ ಪಾಚಿ ಉಳಿದಿತ್ತು. ಮದುವೆಯಾಗಿ ಬಂದು ಮೊದಲ ಕೊಡ ಸೇದುವಾಗ ಅಂಗಾಲಿಗೆ ತಣ್ಣಗೆ ತಾಗಿದ ಪಾಚಿ. ನೀರು ನಿಂತರೆ ಅದು ಸತ್ತೇಹೋಗುತ್ತದೆ ಅಂತ ಅವಳ ಹೆದರಿಕೆ. ಹೇಳಿದರೆ ನಗುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ.

ಮೂರನೇ ಮಹಡಿಯ ಮಲಕವ್ವನ ಮಗಳು ಯಮುನಾ ಬಿಎಸ್ಸಿ ಓದುತ್ತಿದ್ದಳು. ಒಂದು ಪಾಚಿ, ಒಂದು ಇಲಿ ಹೋಲಿಸಿ ಬರೆಯಬೇಕಂತೆ. ನೋಟ್‌ಬುಕ್ ಹಿಡಿದು ಕಲ್ಲಿನ ಹತ್ತಿರವೇ ಬಂದು ಕೂತಳು.

"ಚಿಟ್ಟಿಲಿ ನೋಡಿದ್ದೀರಾ ಅಜ್ಜಿ?"

"ನಮ್ಮ ರಾಗಿ ಹೊಲದ್ ತುಂಬಾ ಅವೇ ಕಣವ್ವ. ಕುಯ್ಲಾದ್ಮೇಲೆ ಬಿಲ ಅಗೆದು ತೆನೆ ತೆಗೀತಿದ್ವಿ. ಒಂದು ಹಿಡಿ ಅಲ್ಲೇ ಬಿಡಿ, ಕದ್ರೂ ಬಾಣಂತಿ ಅಲ್ವಾ, ಅನ್ನೋರು ನಮ್ಮತ್ತೆ."

ಯಮುನಾ ನಗುತ್ತಲೇ ಬರೆದುಕೊಂಡಳು. "ಇಲಿಗೆ ಕಾಳು, ನೀರು ಸಿಗದಿದ್ರೆ ನಾಲ್ಕು ದಿನ ಅಷ್ಟೇ. ಪಾಚಿ ಹಂಗಲ್ಲ ಅಜ್ಜಿ. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ರೂ ಮಳೆ ಬಂದ್ರೆ ಮತ್ತೆ ಹಸಿರು."

ನಿಜವಾ ಅಂತ ಗಂಗಮ್ಮ ಮೂರು ಸಲ ಕೇಳಿದಳು. ಅಷ್ಟರಲ್ಲಿ ಗಾರೆ ಕೆಲಸ ಮುಗಿಸಿ ಬಂದ ಮಲಕವ್ವ, ತಲೆಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಮೆಟ್ಟಿಲು ಹತ್ತತೊಡಗಿದಳು. ಗಂಗಮ್ಮ ತೊಟ್ಟಿಕ್ಕುವ ನಲ್ಲಿಯ ಕಡೆ ತಿರುಗಿ ನೋಡಿದಳು. ಮಾರನೆಯ ದಿನವೇ ಪ್ಲಂಬರನನ್ನು ಕರೆಸಿ ವಾಷರ್ ಹಾಕಿಸಿದಳು.

ಪಾಚಿ ಕಪ್ಪಾಯಿತು. ಉಗುರು ತಾಗಿಸಿದರೆ ಪುಡಿಪುಡಿ. ಓದಿದ ಹುಡುಗಿಯ ಮಾತು ಕೇಳಿ ಕೆಟ್ಟೆನಲ್ಲ ಅಂತ ಆಕೆಗೆ ಊಟ ಸೇರಲಿಲ್ಲ. ಯುಗಾದಿ ಕಳೆದು ಮಳೆ ಹೊಯ್ದ ಮಾರನೇ ಬೆಳಿಗ್ಗೆ ಯಮುನಾ ಅವಳ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಕಲ್ಲಿನ ಮೈಯೆಲ್ಲ ಹಸಿರಾಗಿತ್ತು.

"ನೀವೂ ಈ ಪಾಚಿ ಥರಾನೇ ಅಜ್ಜಿ. ಊರೆಲ್ಲ ಬದಲಾದ್ರೂ ಕದಲಲಿಲ್ಲ."

ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇಲ್ಲ ಕಣವ್ವ. ಹೊಲಕ್ಕೆ ಜೆಸಿಬಿ ಬಂದ ದಿನ ಒಂದು ಚಿಟ್ಟಿಲಿ ಮರಿ ಕಚ್ಕೊಂಡು ಬದು ದಾಟಿ ಓಡ್ತು. ಅದರ ಹಿಂದೇನೇ ನಾನು, ಈ ಕಲ್ಲು ಅವುಚ್ಕೊಂಡು."