ಆರಿದ ನೀರು

ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ವಿಜಯಾಬಾಯಿ ಔಷಧದ ಪೊಟ್ಟಣ ಹರಿದು ಬಿಳಿ ಪುಡಿಯನ್ನು ಅದಕ್ಕೇ ಸುರಿದುಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಶ್ರೀಕೃತಿ ಹೊಸ್ತಿಲು ದಾಟಲು ಹೋಗಿ ತಡೆದುಕೊಂಡಳು.

ಅವಳ ಎರಡು ವರ್ಷದ ಮಗ ವಿಶ್ವಪ್ರಿಯ ಕರುಳಿನ ಸೋಂಕಿಗೆ ಆಸ್ಪತ್ರೆ ಸೇರಿ, ಬಡಕಲಾಗಿ ಸತ್ಯನಾರಾಯಣಪೇಟೆಯ ಮನೆಗೆ ಮರಳಿದ್ದ. ಹೊಟ್ಟೆಯಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ನೆಲೆಯೂರಿದರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲವೆಂದು ಡಾಕ್ಟರು ಈ ಪುಡಿ ಕೊಟ್ಟಿದ್ದರು. ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು. ಮಗುವಿಗೆ ನಿನ್ನೆ ಮತ್ತೆ ಭೇದಿ ಶುರುವಾದಾಗ ಗಂಡ ಭಾರ್ಗವ ಎಲ್ಲರೆದುರೇ, "ದಿನಾ ಮರೀದಂಗ ಔಷಧಾ ಕೊಟ್ಟಿದ್ರ ಹಿಂಗ್ಯಾಕ ಆಗ್ತಿತ್ತು?" ಎಂದು ಅವಳನ್ನು ತಿವಿದಿದ್ದ.

ಆದರೆ ದಿನವೂ ಪುಡಿ ಕಲಸುತ್ತಿದ್ದದ್ದು ಅತ್ತೆ; ಹೇಗೆ ಕಲಸುತ್ತಾರೆಂದು ಅವಳು ಕಂಡದ್ದು ಇವತ್ತೇ. ಪೂಜೆ ಮುಗಿಯುವತನಕ ಅವರ ಮಡಿ ಅಡುಗೆಮನೆಗೆ ಯಾರೂ ಕಾಲಿಡುವಂತಿಲ್ಲ. ಅಂಗಡಿಯಿಂದ ಬಂದದ್ದು ಏನೇ ಇರಲಿ, ಬೆಂಕಿ ಕಂಡರೇ ಶುದ್ಧ ಎನ್ನುವ ಹೆಂಗಸು. ಅಂಥವರಿಗೆ ತಪ್ಪು ತೋರಿಸುವುದು ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಿರುಗುಪ್ಪದ ತವರಿನಲ್ಲಿ ಕಲಿತ ಜಾಣತನವೆಲ್ಲ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು.

"ಅತ್ತಿ, ಅದರಾಗ ಇರೋವು ಜೀವಂತ ಅದಾವ್ರಿ. ಕುದಿಸಿದ್ರ ಸತ್ತು ಹೋಗ್ತಾವ."

"ಪುಡ್ಯಾಗ ಎಂಥಾ ಜೀವಲೇ?"

"ಮೊಸರಿನ ಹೆಪ್ಪಿನಾಗ ಇರ್ತಾವಲ್ರಿ, ಅಂಥಾವು."

ವಿಜಯಾಬಾಯಿಯ ಕೈ ನಿಂತಿತು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಹಾಲಿಗೆ ಹೆಪ್ಪು ಹಾಕಿದ ಕೈ ಅದು.

"ಅಯ್ಯ, ರಾಯರೇ! ಕುದಿಯೋ ಹಾಲಿಗೆ ಹೆಪ್ಪು ಹಾಕಿಧಂಗ ಆತಲ್ಲ! ಇಷ್ಟು ದಿನಾ ಕೂಸಿಗೆ ಬರೇ ನೀರು ಕುಡಿಸೀನಿ."

ಈಗ ಸಿಡಿಮಿಡಿ ಶುರುವಾಗುತ್ತದೆ ಎಂದು ಶ್ರೀಕೃತಿ ತಲೆ ತಗ್ಗಿಸಿದಳು. ವಿಜಯಾಬಾಯಿ ಪಾತ್ರೆಯ ನೀರನ್ನು ಬಚ್ಚಲಿಗೆ ಚೆಲ್ಲಿ, ಸೀದಾ ಪಡಸಾಲೆಗೆ ಹೋಗಿ ಪೇಪರು ಓದುತ್ತಿದ್ದ ಮಗನ ಎದುರು ನಿಂತರು.

"ಭಾರ್ಗವಾ, ಔಷಧಾ ಕೆಡಿಸಿದಾಕಿ ನಾನು. ನಿನ್ನೆ ಅಕಿಗೆ ಅಂದ ಮಾತು ವಾಪಸ್ ತಗೋ."

"ಹೋಗ್ಲಿ ಬಿಡಮ್ಮಾ..."

"ಹೋಗ್ಲಿ ಅಲ್ಲ. ಎಲ್ಲಾರ ಮುಂದ ಅಂದೀಯಲ್ಲ, ಎಲ್ಲಾರ ಮುಂದ ತಗೋ."

ಭಾರ್ಗವ ಪೇಪರು ಮಡಚಿದ. "ತಪ್ಪಾತು, ಶ್ರೀ" ಎಂದ. ಶ್ರೀಕೃತಿಗೆ ಗಂಡನ ಮಾತು ಅರ್ಧ ಮಾತ್ರ ಕೇಳಿಸಿತು. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಇಂಥ ದೊಡ್ಡ ಜೀವ ಇದೇ ಮನೆಯಲ್ಲಿತ್ತಲ್ಲ ಎಂದುಕೊಂಡಳು.

ಹೊಸದಾಗಿ ಕುದಿಸಿದ ನೀರು ಆರಿದ ಮೇಲೆ ವಿಜಯಾಬಾಯಿ ಲೋಟವನ್ನೂ ಹೊಸ ಪೊಟ್ಟಣವನ್ನೂ ಅವಳ ಮುಂದಿಟ್ಟರು.

"ನೀನ ಕಲಸು. ನಾ ನೋಡಿ ಕಲೀತೀನಿ."

ಇನ್ನೂ ಸ್ನಾನವಾಗದ ಮೊಮ್ಮಗನನ್ನು ಮಡಿಸೀರೆಯ ಮಡಿಲಿಗೆ ಎಳೆದುಕೊಂಡು, ಚಮಚ ತಿರುಗುವುದನ್ನೇ ನೋಡುತ್ತ ನೆಲದ ಮೇಲೆ ಕುಳಿತರು.